ಮೀನಿಗೊಂದು ಪಂಖಾ

ನನ್ನ ನೆಗೆಣ್ಣಿ ನೀಲಗಂಗಕ್ಕ ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ಬೇರೆ ಏನಾದರೂ ತಿಳಿದುಕೊಂಡೀರಿ. ಅವಳು ಖರೆಯನ್ನೇ ಹೇಳುತ್ತಿದ್ದಳು, ಎದುರಿನವರಿಗೆ ಎಷ್ಟು ತಡೆಯುತ್ತದೋ ಅಷ್ಟು. ಸೊಲ್ಲಾಪುರದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಸಿನೆಮಾಕ್ಕೆ ಹೋಗುವುದು ಮಾವನವರಿಗೆ ಸೇರುತ್ತಿರಲಿಲ್ಲ. "ಮಾವಾರ, ಸಿದ್ಧರಾಮನ ಗುಡಿಗೆ ಹೋಗಿ ಬರ್ತೀವ್ರಿ" ಎಂದು ಹೇಳಿ ನನ್ನನ್ನು ಹೊರಡಿಸುತ್ತಿದ್ದಳು. ಗುಡಿಗೆ ಹೋಗುತ್ತಿದ್ದೆವು, ಕಾಯಿ ಒಡೆಸುತ್ತಿದ್ದೆವು. ತಿರುಗಿ ಬರುವ ದಾರಿಯಲ್ಲಿ ಟಾಕೀಜು ಇದ್ದರೆ ಅದು ದಾರಿಯ ತಪ್ಪು.

ಅವಳ ತವರು ಮೈಂದರ್ಗಿ, ನನ್ನದು ಅಕ್ಕಲಕೋಟ. ಮನೆಯ ಹಿರಿಯ ಸೊಸೆ ಅವಳು, ಕಿರಿಯವಳು ನಾನು. "ನೀವು ಅಕ್ಕಲಕೋಟದವರು ಬಂದವರಿಗೆಲ್ಲಾ ಕೈ ಮುಗೀತೀರಿ, ಅದಕ್ಕ ನಿಮ್ಮ ಕೈಯಾಗ ಏನೂ ಉಳಿಯೂದಿಲ್ಲ ನೋಡು" ಎಂದು ನನ್ನನ್ನು ಕಾಡಿಸುವಳು. ಖರೇನೇ. ನಾನು ಬಾಯಿ ಸತ್ತವಳು, ಅವಳದು ಇಡೀ ಓಣಿಗೆ ಕೇಳುವ ಬಾಯಿ. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿಯೇ ಎದುರು ಮನೆಯ ಸೋಮವ್ವ ಇವತ್ತು ನೀಲಗಂಗಾಗೆ ಸಿಟ್ಟು ಬಂದಿದೆಯೋ ಇಲ್ಲವೋ ಹೇಳುತ್ತಿದ್ದಳು.

ಮಾವನವರು ಸಾತಲಿಂಗಪ್ಪ, ಚಾದರದ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಉಪದೇಶ. ಕೆಟ್ಟವರಲ್ಲ. ಉಣ್ಣಲು ಉಡಲು ಎಂದೂ ಕಡಿಮೆ ಮಾಡಿದವರಲ್ಲ. ಆದರೆ ಹೆಂಗಸರಿಗೆ ಸೆಕೆಯಾಗುತ್ತದೆ ಎನ್ನುವುದು ಅವರ ತಲೆಗೆ ಎಂದೂ ಹೊಳೆದಿರಲಿಲ್ಲ. ನಮ್ಮಲ್ಲಿ ಎರಡೇ ಪಂಖಾ. ಒಂದು ಪಡಸಾಲೆಯಲ್ಲಿ, ಬಂದ ವ್ಯಾಪಾರಿಗಳ ತಲೆಯ ಮೇಲೆ ತೂಗುವುದು. ಇನ್ನೊಂದು ಅಂಗಡಿಯ ಗಾದಿಯ ಬದಿಗೆ ಇಡುವ ಹಸಿರು ಟೇಬಲ್ ಪಂಖಾ, ಅತ್ತಿತ್ತ ಕುತ್ತಿಗೆ ತಿರುಗಿಸುವುದು.

ಎಪ್ಪತ್ಮೂರರ ಬೇಸಿಗೆಯಲ್ಲಿ ಒಲೆಯ ಮುಂದೆ ಕುಳಿತಾಗ ನನಗೆ ಕಣ್ಣು ಕತ್ತಲೆ ಬಂದು ಬಿದ್ದೆ. ಬಸುರಿಗೆ ಏಳು ತಿಂಗಳಾಗಿತ್ತು. ಕೂಸು ಉಳಿಯಲಿಲ್ಲ. ಉರಿ ಬಿಸಿಲು, ಉರಿ ಒಲೆ, ಮೈ ಕಾದಿತ್ತು ಎಂದಳು ಸೂಲಗಿತ್ತಿ. ಮುಂದಿನ ವರ್ಷ ಮತ್ತೆ ಬಸುರಾದಾಗ ನೀಲಗಂಗಕ್ಕ ಮಾವನವರ ಹತ್ತಿರ ಹೋಗಿ, ಉಮಾ, ಅಂದರೆ ನಾನು, ಮಲಗುವ ಕಡೆ ಒಂದು ಪಂಖಾ ಹಚ್ಚಿಸಿಕೊಡಿರಿ ಎಂದು ನೇರ ಕೇಳಿದಳು.

"ಬಾಣಂತಿಗೆ, ಬಸರಿಗೆ ಗಾಳಿ ಆಗಬಾರದು," ಎಂದರು ಮಾವನವರು. "ನಮ್ಮವ್ವ ಹನ್ನೊಂದು ಹಡದಾಳ. ಯಾವ ಪಂಖಾ ಇತ್ತು?"

"ಹನ್ನೊಂದರಾಗ ಉಳದದ್ದು ಎಷ್ಟರಿ ಮಾವಾರ?"

ಉಳಿದದ್ದು ನಾಲ್ಕು. ಮಾವನವರು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಪಂಖಾ ಬರಲಿಲ್ಲ. ನನಗೆ ತವರಿಗೆ ಹೋಗೋಣವೆಂದರೆ ಅಲ್ಲಿ ತಾಯಿ ಇಲ್ಲ. ಆ ಬೇಸಿಗೆಯನ್ನು ಹೇಗೆ ದಾಟಲಿ ಎಂಬ ಹೆದರಿಕೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಆಗ ಬಂದವು ಮೀನು.

ಆದದ್ದು ಇಷ್ಟು. ಮಾವನವರು ಬೊಂಬಾಯಿಗೆ ಹೋದಾಗ ತಮ್ಮ ಎಲ್ಲಕ್ಕಿಂತ ದೊಡ್ಡ ಗಿರಾಕಿ ಸೇಠನ ಮನೆಗೆ ಊಟಕ್ಕೆ ಹೋಗಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸಮುದ್ರದ ನೀರು, ಹವಳದ ಕಲ್ಲು, ಕಲ್ಲಿನ ಮೇಲೆ ಬೆರಳಾಡಿಸುವ ಹೂವಿನಂಥ ಒಂದು ಜೀವ, ಅದರ ಸಂದಿಯಲ್ಲಿ ಬಿಳಿ ಪಟ್ಟೆಯ ಎರಡು ಕೇಸರಿ ಮೀನು. ಸೇಠನನ್ನು ಖುಷಿಪಡಿಸಲು ಇವರು "ಫಾರ ಛಾನ! ಫಾರ ಛಾನ!", ಬಹಳ ಚೆಂದ ಎಂದು ಮರಾಠಿಯಲ್ಲಿ ಹೊಗಳಿದರು. ಸೇಠ "ಆವಡ್ಲಾ? ಘೇವೂನ ಜಾ" ಎಂದ. ಇಷ್ಟವಾಯಿತೇ, ತೆಗೆದುಕೊಂಡು ಹೋಗು ಎಂದು. ನಾವು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡವರಿಗೆ "ಉಂಡು ಹೋಗ್ರೆಲ್ಲ" ಎನ್ನುತ್ತೇವಲ್ಲ, ಅಂಥ ಮಾತು ಅದು. ಒಲ್ಲೆ ಎಂದರೆ ಸೇಠನಿಗೆ ಅಪಮಾನವಾದೀತು ಎಂದು ಇವರು "ಆಗಲಿ" ಎಂದುಬಿಟ್ಟರು. ಇನ್ನು ಆಡಿದ ಮಾತು ತಿರುಗಿ ತೆಗೆದುಕೊಳ್ಳಲು ಸೇಠನಿಗೂ ಬಾಯಿ ಬರಲಿಲ್ಲ. ಜೂನಿನಲ್ಲಿ ಸೊಲ್ಲಾಪುರಕ್ಕೆ ಬಂದಾಗ ಮೀನನ್ನು ನೋಡುತ್ತೇನೆ ಎಂದನಂತೆ.

ಏಪ್ರಿಲಿನ ಒಂದು ಮುಂಜಾನೆ ಸೇಠನ ಆಳು ದಸ್ತಗೀರ, ಪೆಟ್ಟಿಗೆಯನ್ನೂ ಹತ್ತು ಡಬ್ಬಿ ಸಮುದ್ರದ ನೀರನ್ನೂ ಕೈಗಾಡಿಯ ಮೇಲೆ ಹೇರಿಕೊಂಡು ಸ್ಟೇಷನ್ನಿನಿಂದ ಬಂದ. ಓಣಿಗೆ ಓಣಿಯೇ ನೆರೆಯಿತು.

"ಶಿವಶಿವಾ! ಲಿಂಗಾ ಕಟ್ಟಿದವರ ಮನ್ಯಾಗ ಮೀನ?" ಎಂದಳು ಸೋಮವ್ವ.

"ತಿನ್ನಾಕಲ್ಲ, ನೋಡಾಕ!" ಎಂದು ಮಾವನವರು ಎರಡು ದಿನ ಓಣಿಯ ಮಂದಿಗೆಲ್ಲ ಕೂಗಿ ಕೂಗಿ ಹೇಳಿದರು.

ದಸ್ತಗೀರ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಹೊಂದಿಸಿದ, ಗುಳುಗುಳು ಗಾಳಿ ಬಿಡುವ ಸಣ್ಣ ಯಂತ್ರ ಹಚ್ಚಿದ. ಹೊರಡುವಾಗ ಎರಡೇ ಮಾತು ಹೇಳಿದ. "ಠಂಡಾ ರಖೋ ಸೇಠ, ಗರಮ್ ಹುವಾ ತೋ ಮರ್ ಜಾತೇ. ಔರ್ ಪಾನಿ ಕಮ್ ಹುವಾ ತೋ ಮೀಠಾ ಪಾನಿ ಡಾಲೋ." ತಿಂಗಳಿಗೆ ಒಮ್ಮೆ ಬಂದು ನೋಡಿ ಹೋಗುವೆನೆಂದು ಸಲಾಂ ಹೊಡೆದು ಹೋದ.

ಮಾವನವರು ನಮ್ಮ ಕಡೆ ತಿರುಗಿ ಅರ್ಥ ಬಿಡಿಸಿದರು. "ಕೇಳಿದ್ರೆಲ್ಲ? ತಂಪ ಇಡಬೇಕು. ನೀರ ಕಮ್ಮಿ ಆದ್ರ ಮೀಠ ಪಾಣಿ ಹಾಕಬೇಕು. ಉಪ್ಪನೀರು!" ಮರಾಠಿಯಲ್ಲಿ ಮೀಠ ಅಂದರೆ ಉಪ್ಪು. ಸಮುದ್ರದ ಮೀನಿಗೆ ಉಪ್ಪುನೀರಲ್ಲದೆ ಮತ್ತೇನು? ನಾವು ತಲೆಯಾಡಿಸಿದೆವು.

ಅದೇ ಮಧ್ಯಾಹ್ನ ಪಡಸಾಲೆಯ ಬಿಸಿಲಿಗೆ ನೀರು ಬೆಚ್ಚಗಾಯಿತು, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮಾವನವರು ಅಂಗಡಿಯಿಂದ ಬರಿಗಾಲಿನಲ್ಲಿ ಓಡಿಬಂದರು. "ಸೇಠಗ ಏನ ಹೇಳಲಿ? ಏ ನೀಲಾ, ಏನರೇ ಮಾಡವಾ!"

ನೀಲಗಂಗಕ್ಕ ಸೆರಗು ಸರಿಮಾಡಿಕೊಂಡು ಬಂದಳು. ಅವಳು ಅಷ್ಟು ಸಾವಕಾಶ ನಡೆದು ಬಂದರೆ ತಲೆಯೊಳಗೆ ಏನೋ ಓಡುತ್ತಿದೆ ಎಂದೇ ಅರ್ಥ.

"ಪಡಸಾಲ್ಯಾಗ ಬಿಸಲ ಹೊಡೀತಾದ್ರಿ ಮಾವಾರ. ನಡುಮನಿ ತಂಪದ, ಅಲ್ಲಿ ಇಡಬೇಕು."

"ಇಡಸು, ಇಡಸು."

"ಬರೇ ಇಟ್ರ ಆಗೂದಿಲ್ಲ. ಮಣ್ಣಿನ ಹರವಿಗೆ ಗಾಳಿ ಬಡದ್ರ ನೀರ ತಂಪಾಗ್ತಾದಲ್ರಿ, ಹಂಗ ಇದಕ್ಕೂ ಮ್ಯಾಲ ಗಾಳಿ ಆಡಬೇಕು. ಪಂಖಾ ಬೇಕಾಗ್ತಾದ."

ನಡುಮನೆ ಎಂದರೆ ಅಡುಗೆಮನೆಗೆ ಹತ್ತಿದ ಕೋಣೆ, ನಾನು ಮಲಗುವ ಜಾಗ. ಹೊತ್ತು ಮುಳುಗುವ ಮೊದಲೇ ಅಂಗಡಿಯ ಆಳು ಅಮೋಗಸಿದ್ಧ ಹಸಿರು ಪಂಖಾ ತಲೆಯ ಮೇಲೆ ಹೊತ್ತು ತಂದ. ನನಗಾಗಿ ಬಾರದ ಪಂಖಾ ಎರಡು ಮೀನಿಗಾಗಿ ಎರಡು ತಾಸಿನಲ್ಲಿ ಬಂತು! ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಳು ಬಂತು. ಇಂದಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

"ಯಾತಕ್ಕ ಅಳ್ತಿ ಹುಚ್ಚಿ?" ಎಂದಳು ನೀಲಗಂಗಕ್ಕ. "ಪಂಖಾಕ್ಕ ಕುತ್ತಿಗಿ ಅದ, ತಿರುಗ್ತಾದ." ಹಿಂದಿನ ಗುಬುಟನ್ನು ಒತ್ತಿ, ನನ್ನ ಹೊರಸನ್ನು ಕಾಲಿನಿಂದ ದೂಡಿ ದೂಡಿ ಗಾಳಿ ಬೀಳುವ ಕಡೆ ತಂದಳು. ಪಂಖಾ ಒಮ್ಮೆ ಮೀನಿನ ಕಡೆ ನೋಡಿತು, ಒಮ್ಮೆ ನನ್ನ ಕಡೆ ನೋಡಿತು. ಎಷ್ಟೋ ದಿನಗಳ ಮೇಲೆ ಆ ರಾತ್ರಿ ಕಣ್ಣುತುಂಬ ನಿದ್ದೆ ಮಾಡಿದೆ.

ಆಮೇಲೆ ಮೀನಿನ ಹೆಸರಿನಲ್ಲಿ ನಮ್ಮ ಮನೆಗೆ ಏನೇನು ಬಂತು ಕೇಳಿರಿ. ಕಿಟಕಿಗೆ ವಾಳದ, ಅಂದರೆ ಲಾವಂಚದ, ಬೇರಿನ ಪರದೆ ಬಂತು, ಅದಕ್ಕೆ ತಾಸಿಗೊಮ್ಮೆ ನೀರು ಚಿಮುಕಿಸಲು ಅಮೋಗಸಿದ್ಧ ಬಂದ. ಪೆಟ್ಟಿಗೆಯ ಮೂರು ಬದಿಗೆ ತೊಯ್ಸಿದ ಚಾದರ ಸುತ್ತಿದೆವು, ಸೊಲ್ಲಾಪುರದಲ್ಲಿ ಚಾದರಕ್ಕೇನು ಬರ? ಕಾರಖಾನೆಯಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಬರ್ಫದ ಗಡ್ಡೆ ದಿನಾ ಬರತೊಡಗಿತು. ಬರ್ಫ ಪೆಟ್ಟಿಗೆಯ ನೀರಿನಲ್ಲಿ ಕರಗಬಾರದೆಂದು ನೀಲಗಂಗಕ್ಕ ಅದನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ ತೇಲಿಬಿಡುತ್ತಿದ್ದಳು. ಮೀನಿಗೆ ಬೇಕಾದದ್ದು ಒಂದು ಡಬ್ಬಿ. ಉಳಿದ ಗಡ್ಡೆ ಮಾವಿನಕಾಯಿಯ ಪನ್ಹಕ್ಕೆ ಬೀಳುತ್ತಿತ್ತು. ಒಂದು ದಿನ ಮಾವನವರು ಏಕಾಏಕಿ ಒಳಗೆ ಬಂದು ಗ್ಲಾಸು ಹಿಡಿದ ನಮ್ಮಿಬ್ಬರನ್ನು ನೋಡಿದರು.

"ಇದೇನು?"

"ಮೀನ ಬಿಟ್ಟದ್ರಿ," ಎಂದಳು ಅವಳು. "ಚೆಲ್ಲಿದ್ರ ಪಾಪ ಹತ್ತತಾದಲ್ರಿ."

ಕರೆಂಟು ಹೋದಾಗ ಇನ್ನೂ ಮಜಾ. ಗಾಳಿಯ ಯಂತ್ರ ನಿಂತರೆ ಮೀನಿಗೆ ಉಸಿರು ಸಿಗುವುದಿಲ್ಲವೆಂದು, ಕಾದ ಹಾಲು ಆರಿಸುವಂತೆ ನೀರನ್ನು ತಂಬಿಗೆಯಲ್ಲಿ ಎತ್ತಿ ಎತ್ತಿ ಹೊಯ್ಯಬೇಕು. ಆ ಕೆಲಸ ನನ್ನ ಗಂಡ ರಾಚಪ್ಪನ ಪಾಲಿಗೆ. ಹುಟ್ಟಿದಾಗಿನಿಂದ ಮನೆಯಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ. ಸ್ಟೂಲಿನ ಮೇಲೆ ಕುಳಿತು, ಬೆವರು ಸುರಿಸುತ್ತ, ಸುಮಂಗಲೆಯರ ಹಾಗೆ ತಂಬಿಗೆ ಹಿಡಿದಿದ್ದರು. "ರಾಚಣ್ಣಾ, ಇನ್ನೊಂದು ಕೈಲೆ ಉಮಾಗ ಬೀಸಣಿಗಿ ಬೀಸು. ಕೈ ಖಾಲಿ ಇರಬಾರದು," ಎಂದು ನೀಲಗಂಗಕ್ಕ ಬಾಗಿಲಿನಿಂದ ಹೇಳುವಳು. ಬೀಸಿದರು ಪಾಪ.

ಇಷ್ಟೆಲ್ಲದರ ನಡುವೆ ಒಂದೇ ಕೆಲಸ ಮಾವನವರು ಯಾರಿಗೂ ಬಿಟ್ಟುಕೊಡಲಿಲ್ಲ. ಪಂಖಾದ ಗಾಳಿಗೆ ಬೆಳಗಿನಿಂದ ಬೆಳಗಿಗೆ ನಾಲ್ಕು ತಂಬಿಗೆ ನೀರು ಆರಿಹೋಗುತ್ತಿತ್ತು. ಲಿಂಗಪೂಜೆ ಮುಗಿಸಿ, ಮಡಿಯಲ್ಲೇ ಬಂದು, ಅಷ್ಟು ನೀರನ್ನು ತಾವೇ ಕೈಯಾರೆ ಹೊಯ್ಯುವರು. ಮೊದಮೊದಲು ಡಬ್ಬಿಯ ಸಮುದ್ರದ ನೀರು. ಒಂಬತ್ತು ಡಬ್ಬಿ ಮುಗಿದು, ಅಡಚಣೆಗೆಂದು ಒಂದನ್ನು ಮುಚ್ಚಿಟ್ಟ ಮೇಲೆ, ನೀಲಗಂಗಕ್ಕ ಕೊಡದ ನೀರಿಗೆ ಹರಳುಪ್ಪು ಕಲಿಸಿಕೊಡುವಳು.

ಮೇ ತಿಂಗಳು ಬಂತು. ದೇಶದ ತುಂಬ ರೈಲು ಮುಷ್ಕರ, ಗಾಡಿಗಳು ನಿಂತವು, ಬರುತ್ತೇನೆಂದಿದ್ದ ದಸ್ತಗೀರ ಬರಲಿಲ್ಲ. ಮೀನಿಗೆ ಏನೋ ಆಗತೊಡಗಿತು. ನೀರು ತಂಪಾಗಿಯೇ ಇತ್ತು, ಆದರೂ ಹೂವಿನಂಥ ಜೀವ ಬೆರಳು ಮುದುಡಿಕೊಂಡು ಸುಕ್ಕಿದ ನೆಲ್ಲಿಕಾಯಿಯಾಯಿತು. ಮೀನೆರಡೂ ಕಲ್ಲಿನ ಬುಡದಲ್ಲಿ ಓರೆಯಾಗಿ ಬಿದ್ದುಕೊಂಡವು, ಹಾಕಿದ ಕಾಳು ಮುಟ್ಟಲಿಲ್ಲ.

"ಇವು ಉಳಿಯೂದಿಲ್ಲ," ಎಂದರು ಮಾವನವರು, ಮುಖ ಸಣ್ಣದು ಮಾಡಿಕೊಂಡು. "ಸೋಮವಾರ ತನಕಾ ನೋಡೂಣು. ಸತ್ರ ಪೆಟಗಿ ಹಿತ್ತಲಾಗ ಇಡ್ರಿ, ಪಂಖಾ ಅಂಗಡಿಗೆ ಕಳಸ್ರಿ. ಗಾದಿ ಮ್ಯಾಲ ಕೂಡಾಕ ಆಗವಲ್ದು."

ನನಗೆ ಎಂಟು ತಿಂಗಳು. ಹೊರಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಆ ಮಾತು ಕೇಳಿ ನಾನು ಹೊರಸಿನ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡೆ. ಹಿಂದಿನ ವರ್ಷ ಬಿದ್ದ ಜಾಗ ಅಲ್ಲೇ ಬಾಗಿಲಾಚೆ ಕಾಣುತ್ತಿತ್ತು. ಮೀನಿಗಾಗಿ ನಾನು ಅಷ್ಟು ದೇವರಿಗೆ ಹರಕೆ ಹೊತ್ತೆನೆಂದರೆ, ಯಾವ ದೇವರಿಗೆ ಏನು ಅಂದೆನೋ ನನಗೇ ನೆನಪಿಲ್ಲ.

ಮರುದಿನ ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ನೀಲಗಂಗಕ್ಕ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಮೀನನ್ನೂ ನೀರನ್ನೂ ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ಬಾಗಿಲು ಹಾಕಿ ಬಂದಳು.

"ಉಮಾ, ಈಗ ನೋಡಿದ್ದು ಯಾರ ಮುಂದ ಹೇಳ್ತೀಯೇನು?"

"ಇಲ್ಲಕ್ಕಾ."

"ನನ್ನ ಕೊರಳಾಣಿ?"

"ನಿನ್ನ ಕೊರಳಾಣಿ."

ಕೊರಳಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, "ಶಿವಾ, ನೀರಷ್ಟೇ ಮುಟ್ಟಾಕತ್ತೀನಿ, ಮೀನ ಅಲ್ಲ. ಫರಕ್ ನಿನಗ ತಿಳೀತಾದ," ಎಂದಳು. ಪೆಟ್ಟಿಗೆಯಲ್ಲಿ ಬೆರಳು ಅದ್ದಿ, ಕುದಿಯುವ ಸಾರಿನ ರುಚಿ ನೋಡುವಂತೆ, ನಾಲಿಗೆಗೆ ಹಚ್ಚಿಕೊಂಡಳು!

"ಯವ್ವಾ! ಅಕ್ಕಾ!" ಎಂದು ನಾನು ಚೀರಿದೆ. ಉಳಿದವರ ಮಾತು ಬಿಡಿರಿ, ತತ್ತಿ ತಿನ್ನುವವರ ನೆರಳು ಬಿದ್ದರೂ ಕೊಡ ತಿಕ್ಕುತ್ತಿದ್ದ ಹೆಂಗಸು ಅವಳು.

ಅವಳು ಉಗುಳಿ ಬಾಯಿ ಮುಕ್ಕಳಿಸಿದಳು. ಮುಚ್ಚಿಟ್ಟಿದ್ದ ಹತ್ತನೆಯ ಡಬ್ಬಿ ತೆಗೆದು ಅದರಲ್ಲೂ ಬೆರಳದ್ದಿ ನೋಡಿದಳು. ಮತ್ತೆ ಪೆಟ್ಟಿಗೆಯದು. ಮತ್ತೆ ಡಬ್ಬಿಯದು. ಮುಖ ಕೆಂಪಾಯಿತು.

"ಉಪ್ಪಾಗ್ಯಾದ! ಸಮುದ್ರದಕ್ಕಿಂತ ದೀಡಪಟ್ಟು ಉಪ್ಪಾಗ್ಯಾದ ಉಮಾ! ಹಾರಿ ಹೋಗೂದು ಬರೇ ನೀರ, ಉಪ್ಪು ತಳಕ್ಕ ಹಂಗೇ ಉಳೀತಾದ. ಅದರ ಮ್ಯಾಲ ದಿನಾ ನಾವು ಮತ್ತ ಉಪ್ಪು ಸುರೀಲಾಕತ್ತೀವಿ. ಸಾರ ಕುದ್ದು ಇಂಗಿದ್ರ ಯಾವಾಕಿ ಉಪ್ಪ ಹಾಕ್ತಾಳ? ನೀರ ಹಾಕ್ತಾಳ!"

"ಆದ್ರ ದಸ್ತಗೀರನೇ ಹೇಳಿದ್ನಲ್ಲಕ್ಕಾ, ಮೀಠ ಪಾಣಿ ಅಂತ."

"ಏನಂದ? ಅವ ಅಂದಂಗ ಅನ್ನು."

ನಾನು ನೆನಪು ಮಾಡಿಕೊಂಡು ಅವನ ಹಾಗೆಯೇ ಅಂದೆ: "ಮೀಠಾ ಪಾನಿ ಡಾಲೋ." ಅನ್ನುತ್ತಿದ್ದಂತೆ ನನ್ನ ಬಾಯಿ ತೆರೆದೇ ಉಳಿಯಿತು. ಅಕ್ಕಲಕೋಟದಲ್ಲಿ ನಮ್ಮ ಮನೆಯ ಹಿಂದೆ ಎರಡು ಬಾವಿ. ಒಂದು ಸವಳು, ಇನ್ನೊಂದರ ನೀರು ಸಿಹಿ. ಟಾಂಗಾ ಹೊಡೆಯುವ ಮುಸಲ್ಮಾನ ಮಂದಿ ಆ ಸಿಹಿ ಬಾವಿಗೆ ಮೀಠಾ ಬಾವಡಿ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮೀಠಾ ಅಂದರೆ ಸಿಹಿ. ಅವನು ಸಿಹಿನೀರು ಎಂದಿದ್ದ, ಮಾವನವರು ಮರಾಠಿ ಕಿವಿಯಿಂದ ಕೇಳಿ ಉಪ್ಪುನೀರು ಮಾಡಿದ್ದರು!

ನೀಲಗಂಗಕ್ಕ ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ತಡೆಯಲಿಲ್ಲ, ಕೂಸು ಒಳಗಿನಿಂದ ಒದೆಯಿತು. "ಉಪ್ಪು ತಿಂದವರು ನೀರು ಕುಡೀಬೇಕು," ಎಂದು ಎದ್ದಳು. "ಮಾವಾರು ಉಪ್ಪು ತಿನಿಸ್ಯಾರ, ನಾವು ನೀರು ಕುಡಸೂಣು."

"ಹಿಟ್ಟಿನ ಉಂಡಿ ಬಿಡೂಣೇನಕ್ಕಾ? ಸಾರ ಉಪ್ಪಾದ್ರ ಬಿಡ್ತೀವಲ್ಲ?"

"ಬಿಡು. ಮ್ಯಾಲ ಒಗ್ಗರಣಿನೂ ಕೊಡು," ಎಂದು ನನ್ನ ತಲೆಗೆ ಮೊಟಕಿದಳು.

ಒಮ್ಮೆಲೇ ಬದಲಿಸಿದರೆ ಜೀವಕ್ಕೆ ತಡೆಯದೆಂದು, ದಿನಕ್ಕೆ ಎರಡು ತಂಬಿಗೆ ತೆಗೆದು ಎರಡು ತಂಬಿಗೆ ಸಿಹಿನೀರು ಹೊಯ್ದಳು. ಮುಂಜಾನೆ ಎದ್ದ ಕೂಡಲೆ, ಹಲ್ಲುಜ್ಜುವ ಮೊದಲು, ಒಂದು ಬೆರಳಿನ ರುಚಿ. ಮಾವನವರಿಗೆ ಹೇಳುವುದು ಹೇಗೆ? ತಪ್ಪು ಅವರದು ಎಂದರೆ ಮುಗಿಯಿತು, ಪೆಟ್ಟಿಗೆ ಅವತ್ತೇ ಹಿತ್ತಲಿಗೆ. ಅದಕ್ಕೆ ಅವರು ಮಡಿಯಲ್ಲಿ ಬಂದು, ಅವಳು ಉಪ್ಪು ಕಲಿಸದೆ ಇಟ್ಟ ಕೊಡಕ್ಕೆ ಕೈ ಹಚ್ಚಿ "ಮೀಠ ಪಾಣಿ ಅದ ಹೌದಲ್ಲೋ?" ಎಂದು ಕೇಳಿದರೆ, ಅವಳು "ಮೀಠಾ ಪಾನಿನೇ ಅದರಿ ಮಾವಾರ" ಎನ್ನುವಳು. ಖರೆಯಲ್ಲವೇ ಮತ್ತೆ?

ಐದನೆಯ ದಿನ ಆ ಹೂವು ಒಂದು ಬೆರಳು ಬಿಚ್ಚಿತು. ಸೋಮವಾರ ಮಾವನವರು ಬಂದು ನೋಡಿದಾಗ ಮೀನೆರಡೂ ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿದ್ದವು.

ಜೂನಿನ ಎರಡನೆಯ ವಾರ ಸೇಠ ಬಂದ, ಜೊತೆಗೆ ದಸ್ತಗೀರ. ಮಳೆ ಇನ್ನೂ ಬಿದ್ದಿರಲಿಲ್ಲ, ಮೋಡ ಕವಿದು ಸೆಕೆ ಮತ್ತಷ್ಟು ಹೆಚ್ಚಿತ್ತು. ನಮಗೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವ ಪಾಳಿ. ನಡುಮನೆಯೊಳಗೆ ಬಂದು ಮೀನು ನೋಡಿ ಸೇಠ ಕೈಯೆತ್ತಿ ಚಪ್ಪಾಳೆ ತಟ್ಟಿದ. ಸೊಲ್ಲಾಪುರದ ಬಿಸಿಲಿನಲ್ಲಿ ಉಳಿಸಿದ್ದಾದರೂ ಹೇಗೆ ಎಂದ. ಮಾವನವರು ಎದೆ ಉಬ್ಬಿಸಿದರು.

"ದಿನಾ ನನ್ನ ಕೈಯಾರೆ ಉಪ್ಪಿನ ನೀರು ಹಾಕಿದ್ದೇನೆ, ಒಂದು ದಿನ ತಪ್ಪಿಲ್ಲ," ಎಂದರು ತಮ್ಮ ಚಲೋ ಮರಾಠಿಯಲ್ಲಿ.

ದಸ್ತಗೀರ ಕಣ್ಣು ಪಿಳಿಪಿಳಿ ಬಿಟ್ಟ. "ನಮಕ್ ಕಾ ಪಾನಿ? ದೋ ಮಹೀನಾ? ತೋ ಯೇ ಜಿಂದಾ ಕೈಸೇ? ಮೈ ತೋ ಮೀಠಾ ಬೋಲಾ ಥಾ ಸೇಠ, ಪೀನೇ ಕಾ ಮೀಠಾ ಪಾನಿ!"

ಮಾವನವರು ಮೆಲ್ಲಗೆ ತಿರುಗಿ ಬಾಗಿಲ ಕಡೆ ನೋಡಿದರು. ನೀಲಗಂಗಕ್ಕ ಸೆರಗನ್ನು ಗಲ್ಲದ ತನಕ ಎಳೆದುಕೊಂಡು, ಏನೂ ಅರಿಯದ ಹೊಸ ಮದುವಣಗಿತ್ತಿಯ ಹಾಗೆ ಕಾಲ ಬೆರಳು ನೋಡುತ್ತ ನಿಂತಿದ್ದಳು. ಮಾವನವರು ಗಂಟಲು ಸರಿಮಾಡಿಕೊಂಡು, "ಮನಿ ಹೆಣ್ಮಕ್ಕಳು ನೋಡ್ಕೊಂಡಾರ" ಎಂದಷ್ಟೇ ಹೇಳಿದರು.

ಸೇಠ ಅತ್ತಿತ್ತ ನೋಡಿ, ನಾಚಿಕೊಂಡು, ಕೊನೆಗೆ ಬಾಯಿಬಿಟ್ಟ. ಕೇಳದೆ ಕೊಟ್ಟುಬಿಟ್ಟನೆಂದು ಅವನ ಹೆಂಡತಿ ಏಪ್ರಿಲಿನಿಂದ ಅಳುತ್ತಿದ್ದಾಳಂತೆ. ತಪ್ಪು ತಿಳಿಯದಿದ್ದರೆ ತಿರುಗಿ ಒಯ್ಯಲೇ ಎಂದ. ಮಾವನವರು ಎರಡು ತಿಂಗಳಿನಿಂದ ಹಿಡಿದಿದ್ದ ಉಸಿರು ಬಿಟ್ಟರು. ಸಂಜೆಯ ಗಾಡಿಗೆ ಸಮುದ್ರ ಹೊರಟುಹೋಯಿತು.

ಎಲ್ಲರಿಗೂ ಒಳ್ಳೆಯದೇ ಆಯಿತು. ನನಗೆ ಮಾತ್ರ ಒಂಬತ್ತು ತುಂಬಿತ್ತು, ಇವತ್ತೋ ನಾಳೆಯೋ ಎನ್ನುವಂತಿತ್ತು.

ಮರುದಿನ ಊಟವಾದ ಮೇಲೆ ಅಮೋಗಸಿದ್ಧ ತಲೆಗೆ ಸಿಂಬಿ ಸುತ್ತಿಕೊಂಡು ನಡುಮನೆಗೆ ಬಂದ. "ಪಂಖಾ ಒಯ್ಯಾಕ ಹೇಳ್ಯಾರ್ರಿ ಧಣ್ಯಾರು" ಎಂದು ತಂತಿ ಕಿತ್ತ. ಗಾಳಿ ನಿಂತ ಕೂಡಲೆ ನನ್ನ ಬೆನ್ನ ಮೇಲೆ ಬೆವರು ಇಳಿಯಿತು. ನಾನು ನೀಲಗಂಗಕ್ಕನ ಮುಖ ನೋಡಿದೆ. ಏನಾದರೂ ಹೂಡುತ್ತಾಳೆ, ಬೆಕ್ಕೋ ಗಿಣಿಯೋ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಏನೂ ಹೂಡಲಿಲ್ಲ. ನೇರ ಪಡಸಾಲೆಗೆ ಹೋಗಿ, ಎಲೆ ಹಾಕಿಕೊಳ್ಳುತ್ತಿದ್ದ ಮಾವನವರ ಮುಂದೆ ನಿಂ​ತಳು.

"ಇಷ್ಟ ದಿನ ಮೀನಿನ ಹೆಸರ ಹೇಳಿ ಕೇಳೀನ್ರಿ ಮಾವಾರ. ಈಗ ಮೀನಿಲ್ಲ. ಉಮಾನ ಹೆಸರ ಹೇಳಿ ಕೇಳ್ತೀನಿ. ಹೋದ ವರ್ಷ ಇಕಿ ಕೂಸ ನನ್ನ ಕೈಯಾಗ ತಣ್ಣಗಾಗ್ಯಾದ. ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ."

ಮಾವನವರು ಎಲೆ ಕೆಳಗಿಟ್ಟರು. ಎದ್ದು ನಡುಮನೆಯ ಹೊಸ್ತಿಲ ತನಕ ಬಂದರು. ಸೊಸೆಯಂದಿರನ್ನು ನೇರ ನೋಡಿ ಮಾತಾಡುವ ರೂಢಿ ಅವರಿಗಿರಲಿಲ್ಲ, ಗೋಡೆ ನೋಡುತ್ತ ನಿಂತರು.

"ಅಮೋಗಸಿದ್ಧ, ಪಂಖಾ ಕೆಳಗಿಡು."

"ನೀವೇ ಹೇಳಿದ್ರೆಲ್ರಿ ಧಣ್ಯಾರ, ಮೀನ ಹೋದ್ವು, ಪಂಖಾ ತಗೊಂಬಾ ಅಂತ."

"ಎಲ್ಲಿ ಹೋಗ್ಯಾವ? ಒಂದ ಇನ್ನಾ ಇಲ್ಲೇ ಈಸಾಕತ್ತದಲ್ಲೋ. ಕಣ್ಣ ಕಾಣೂದಿಲ್ಲೇನು ನಿನಗ?"

ಅಮೋಗಸಿದ್ಧ ಖಾಲಿ ಮೂಲೆ ನೋಡಿದ, ಮಾವನವರನ್ನು ನೋಡಿದ, ಆಮೇಲೆ ನನ್ನ ಹೊಟ್ಟೆ ಕಂಡು ನಾಲಿಗೆ ಕಚ್ಚಿಕೊಂಡ. ನೀಲಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಗು ತಡೆಯದೆ ಓಡಿದಳೆಂದು ನಾನೂ ನಗುತ್ತ ಹೊರಸಿನಿಂದ ಎದ್ದು ಹಿಂದೆ ಹೋದೆ. ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.